ಎರಡು ಮೋರೆಯ ಮೀನು

2015ನೆಯ ಇಸವಿಯ ಆರಂಭದಲ್ಲಿ ಆಸ್ಟ್ರೇಲಿಯಾದ ಆಗ್ನೇಯ ಕರಾವಳಿಯಲ್ಲಿರುವ ಈಡನ್ ಎಂಬ ಸಣ್ಣ ಬಂದರಿನ ಸಮೀಪ ಮೀನುಗಾರರ ಬಲೆಗೆ ಒಂದು ವಿಚಿತ್ರ ಜಂತು ಬಿದ್ದಿತು. ಅದು ಮಾರುಕಟ್ಟೆಗೆ ಹೋಗಲಿಲ್ಲ. ಕೈಯಿಂದ ಕೈಗೆ ದಾಟಿ ಕೊನೆಗೆ ಸಿಡ್ನಿ ನಗರದ ಆಸ್ಟ್ರೇಲಿಯನ್ ಮ್ಯೂಸಿಯಂ ಎಂಬ ವಸ್ತುಸಂಗ್ರಹಾಲಯವನ್ನು ಸೇರಿತು. ಮಾರ್ಚ್ ತಿಂಗಳಿನಲ್ಲಿ ಅಲ್ಲಿನವರು ಅದನ್ನು ಪತ್ರಕರ್ತರ ಮುಂದೆ ಇಟ್ಟರು. ಸ್ವಲ್ಪ ದಿನಗಳಲ್ಲಿಯೇ ಪ್ರಪಂಚದ ನಾನಾ ದೇಶಗಳ ಪತ್ರಿಕೆಗಳಲ್ಲಿ ಆ ಮೀನಿನ ಚಿತ್ರ ಅಚ್ಚಾಯಿತು. ಹಣೆಯಿಂದ ಮುಂದಕ್ಕೆ ಕತ್ತಿಯ ಅಲಗಿನಂತೆ ಚಾಚಿದ ಮೂತಿ, ಅದರ ಕೆಳಗೆ ಮುಖವನ್ನೇ ಬಿಟ್ಟು ಹೊರಗೆ ಬಂದಂತಿರುವ ಎರಡು ದವಡೆಗಳು, ಆ ದವಡೆಗಳ ತುಂಬ ಮೊಳೆಗಳಂತೆ ಅಡ್ಡಾದಿಡ್ಡಿಯಾಗಿ ನಿಂತ ಹಲ್ಲುಗಳು. ನೋಡಿದವರು ಬೆಚ್ಚಿದರು. ಕಡಲಾಳದ ಪಿಶಾಚಿಯೆಂದೂ ಅನ್ಯಗ್ರಹದ ಪ್ರಾಣಿಯೆಂದೂ ಪತ್ರಿಕೆಗಳು ಬಣ್ಣಿಸಿದವು.

ಚಿತ್ರ ಸುಳ್ಳಾಗಿರಲಿಲ್ಲ. ಆದರೂ ಅದರಲ್ಲಿ ಆ ಮೀನಿಗೆ ಒಂದು ಅನ್ಯಾಯವಾಗಿತ್ತು. ಅದು ಹೆಣದ ಚಿತ್ರ. ಬದುಕಿ ಈಜುವಾಗ ಈ ಮೀನಿನ ಮೋರೆ ಹಾಗಿರುವುದಿಲ್ಲ. ದವಡೆಗಳು ಒಳಗೆ ಮಡಚಿಕೊಂಡು, ಬಾಯಿ ಮುಚ್ಚಿಕೊಂಡು, ಉದ್ದ ಮೂಗಿನ ಒಂದು ಸಾಧು ಪ್ರಾಣಿಯಂತೆಯೇ ಕಾಣುತ್ತದೆ. ಹೆಣದ ಮೋರೆಯನ್ನು ನೋಡಿಯೇ ಮನುಷ್ಯ ಅದರ ಗುಣವನ್ನು ನಿಶ್ಚಯಿಸಿಬಿಟ್ಟ. ಅದು ಜೀವಂತವಾಗಿ ಬೇಟೆಯಾಡುವುದನ್ನು ಕಂಡು, ಅಳೆದು, ಅರ್ಥಮಾಡಿಕೊಳ್ಳುವುದಕ್ಕೆ ವಿದ್ವಾಂಸರಿಗೆ ನೂರ ಹತ್ತು ವರ್ಷಗಳಿಗೂ ಮಿಕ್ಕು ಕಾಲ ಹಿಡಿಯಿತು. ಈ ಮೀನಿನ ಅಂಗಾಂಗಗಳ ಕಥೆಯೆಂದರೆ ಈ ಎರಡು ಮೋರೆಗಳ ಕಥೆಯೇ.

ಹೆಸರು ಬಂದ ಬಗೆ

ಕಥೆ ಆರಂಭವಾಗುವುದು ಜಪಾನಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಯೊಕೊಹಾಮಾ ಬಂದರಿನಲ್ಲಿ ಅಲನ್ ಓಸ್ಟನ್ ಎಂಬ ಆಂಗ್ಲ ವರ್ತಕನಿದ್ದ. ವ್ಯಾಪಾರದ ಜೊತೆಗೆ ಪಕ್ಷಿಗಳನ್ನೂ ಕಡಲಜೀವಿಗಳನ್ನೂ ಸಂಗ್ರಹಿಸುವುದು ಅವನ ಹವ್ಯಾಸ. ಬೆಸ್ತರ ಬಲೆಯಲ್ಲಿ ಅಪರೂಪದ್ದೇನಾದರೂ ಬಂದರೆ ಅದು ಅವನ ಕಣ್ಣಿಗೆ ಬೀಳುತ್ತಿತ್ತು. ಹೀಗೆ ಯೊಕೊಹಾಮಾದ ಬಳಿಯ ಕಡಲಿನಿಂದ ಬಂದ, ಮೂರೂವರೆ ಅಡಿ ಉದ್ದದ, ಇನ್ನೂ ಪ್ರಾಯಕ್ಕೆ ಬಾರದ ಒಂದು ಗಂಡು ಶಾರ್ಕ್ ಅವನ ಕೈಸೇರಿತು. ಅವನು ಅದನ್ನು ಟೋಕಿಯೋ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಕಾಕಿಚಿ ಮಿತ್ಸುಕುರಿಯವರಿಗೆ ಕೊಟ್ಟ. ಮಿತ್ಸುಕುರಿಯವರು ಅದನ್ನು ಅಮೆರಿಕದ ಮತ್ಸ್ಯಶಾಸ್ತ್ರಜ್ಞ, ಆಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಡೇವಿಡ್ ಸ್ಟಾರ್ ಜೋರ್ಡನ್ ಅವರಿಗೆ ಒಪ್ಪಿಸಿದರು.

ಜೋರ್ಡನ್ ಅದನ್ನು ಪರೀಕ್ಷಿಸಿ, ಅಂದಿನವರೆಗೆ ತಿಳಿದಿದ್ದ ಯಾವ ಶಾರ್ಕಿನ ಕುಟುಂಬಕ್ಕೂ ಅದು ಸೇರತಕ್ಕದ್ದಲ್ಲವೆಂದು ಕಂಡುಕೊಂಡರು. 1898ರಲ್ಲಿ ಅದಕ್ಕಾಗಿಯೇ ಒಂದು ಹೊಸ ಕುಟುಂಬವನ್ನು ಕಲ್ಪಿಸಿ, ಪ್ರಾಧ್ಯಾಪಕರನ್ನೂ ವರ್ತಕನನ್ನೂ ಒಟ್ಟಿಗೆ ನೆನೆದು, ‘ಮಿತ್ಸುಕುರಿನಾ ಓಸ್ಟೋನಿ’ ಎಂದು ನಾಮಕರಣ ಮಾಡಿದರು. ಶಾಸ್ತ್ರದ ಪುಸ್ತಕದಲ್ಲಿ ಹೀಗೆ ಇಬ್ಬರು ಸಜ್ಜನರ ಹೆಸರು ಆ ಮೀನಿಗೆ ಸಂದಿತು.

ಜನರ ಬಾಯಲ್ಲಿ ಮಾತ್ರ ಬೇರೆ ಹೆಸರು ನಿಂತಿತು. ಜಪಾನಿನ ಬೆಸ್ತರು ಅದನ್ನು ‘ಟೆಂಗು-ಜಾಮೆ’, ಅಂದರೆ ಟೆಂಗು ಶಾರ್ಕ್ ಎನ್ನುತ್ತಾರೆ. ಟೆಂಗು ಎಂಬುದು ಜಪಾನೀ ಜನಪದ ಕಥೆಗಳಲ್ಲಿ ಬರುವ, ಬೆಟ್ಟಗಾಡುಗಳಲ್ಲಿ ವಾಸಿಸುವ ಒಂದು ಅತಿಮಾನುಷ ಜೀವಿ. ಕೆಂಪು ಮುಖ, ಅಸಾಧ್ಯ ಉದ್ದದ ಮೂಗು ಅದರ ಲಕ್ಷಣ. ಅದರ ಬಗ್ಗೆ ಜನರಿಗೆ ಭಯವಿದ್ದಂತೆ ಗೌರವವೂ ಉಂಟು. ಕತ್ತಿವರಸೆ ಕಲಿಸುವ ಗುರುವಾಗಿಯೂ ಅದು ಕಥೆಗಳಲ್ಲಿ ಬರುತ್ತದೆ. ಅಹಂಕಾರ ತಲೆಗೇರಿದವನನ್ನು ಕಂಡರೆ ‘ಟೆಂಗು ಆಗಿದ್ದಾನೆ’ ಎಂದು ಜಪಾನಿನವರು ಇಂದಿಗೂ ಹಾಸ್ಯ ಮಾಡುವುದುಂಟು. ಈ ಹೆಸರು ಇಂಗ್ಲಿಷಿಗೆ ಹೋಗುವಾಗ ‘ಗಾಬ್ಲಿನ್ ಶಾರ್ಕ್’ ಆಯಿತು. ಗಾಬ್ಲಿನ್ ಎಂದರೆ ಪಾಶ್ಚಾತ್ಯರ ಕಥೆಗಳಲ್ಲಿ ಬರುವ ಕುರೂಪಿಯಾದ, ಕೇಡಿಗನಾದ ಕುಳ್ಳ ಭೂತ. ಗೌರವ ಅಳಿಯಿತು, ಕುರೂಪ ಉಳಿಯಿತು. ಉದ್ದ ಮೂಗಿನ ಮೀನು ಭೂತವಾಗಿ ಕುಳಿತಿತು.

ಮನೆಯೆಲ್ಲಿ?

ಒಂದು ಪ್ರಾಣಿಯ ರೂಪ ಅರ್ಥವಾಗಬೇಕಾದರೆ ಅದು ವಾಸಿಸುವ ಸ್ಥಳವನ್ನು ಮೊದಲು ಅರಿಯಬೇಕು. ಟೆಂಗು ಶಾರ್ಕ್ ಹೆಚ್ಚಾಗಿ ದೊರೆತಿರುವುದು 270 ಮೀಟರಿನಿಂದ 960 ಮೀಟರಿನವರೆಗಿನ ಆಳದಲ್ಲಿ. ಎಳೆಯವು ಇದಕ್ಕಿಂತ ಮೇಲೆಯೂ ಸಿಕ್ಕುವುದುಂಟು. ವಿಜಾಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಅಂತಹ ಹತ್ತು ಗುಮ್ಮಟಗಳನ್ನು ಒಂದರ ಮೇಲೊಂದು ಪೇರಿಸಿ ಕಡಲಿನಲ್ಲಿ ಮುಳುಗಿಸಿದರೆ ಅದರ ತಳ ಎಲ್ಲಿ ಮುಟ್ಟುತ್ತದೆಯೋ ಅಲ್ಲಿ ಈ ಮೀನಿನ ಸಂಸಾರ. ನೀರಿನೊಳಗೆ ಹತ್ತು ಮೀಟರ್ ಇಳಿದಂತೆಲ್ಲ ವಾಯುಮಂಡಲದ ಒತ್ತಡಕ್ಕೆ ಸಮನಾದ ಇನ್ನೊಂದು ಭಾರ ಮೈಮೇಲೆ ಬೀಳುತ್ತದೆ. ಐನೂರು ಮೀಟರ್ ಆಳದಲ್ಲಿ ಅಂತಹ ಐವತ್ತು ಭಾರ. ನೀರು ಕೊರೆಯುವಷ್ಟು ತಣ್ಣಗೆ. ಸೂರ್ಯನ ಬೆಳಕು ಇನ್ನೂರು ಮೀಟರ್ ಕೆಳಗೆ ಮಬ್ಬಾಗಿ, ಸಾವಿರ ಮೀಟರ್ ಮುಟ್ಟುವಷ್ಟರಲ್ಲಿ ಸಂಪೂರ್ಣವಾಗಿ ಆರಿಹೋಗುತ್ತದೆ. ಬೆಳಕಿಲ್ಲದ ಕಡೆ ಪಾಚಿಯೂ ಬೆಳೆಯದು. ಆದ್ದರಿಂದ ಅಲ್ಲಿ ಎಲ್ಲಕ್ಕಿಂತ ದೊಡ್ಡ ಬರವೆಂದರೆ ಆಹಾರದ್ದು.

ಜಪಾನಿನ ಸಗಾಮಿ ಮತ್ತು ಸುರುಗಾ ಕೊಲ್ಲಿಗಳಲ್ಲಿ ದಡದ ಸಮೀಪದಲ್ಲಿಯೇ ಕಡಲು ಕಡಿದಾದ ಕಣಿವೆಯಾಗಿ ಪಾತಾಳಕ್ಕೆ ಇಳಿಯುತ್ತದೆ. ಅಲ್ಲಿನ ಬೆಸ್ತರಿಗೆ ಈ ಮೀನು ಹೆಚ್ಚಾಗಿ ದೊರೆಯುವುದಕ್ಕೆ ಇದೇ ಕಾರಣ. ಆದರೆ ಇದು ಜಪಾನಿಗೆ ಮಾತ್ರ ಮೀಸಲಾದ ಪ್ರಾಣಿಯಲ್ಲ. ತೈವಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ, ಪೋರ್ಚುಗಲ್, ಬ್ರೆಜಿಲ್, ಮೆಕ್ಸಿಕೋ ಕೊಲ್ಲಿ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ದೂರ ದೂರದ ಕಡಲುಗಳಲ್ಲಿ ಒಂದೊಂದಾಗಿ ಸಿಕ್ಕಿದೆ. ವಿರಳವೆಂದರೆ ಇರುವ ಸ್ಥಳ ಕಿರಿದೆಂದಲ್ಲ. ಮನುಷ್ಯನ ಕಣ್ಣು ಅಲ್ಲಿಗೆ ತಲುಪುವುದು ಅಪರೂಪವೆಂದು ಅರ್ಥ.

ಬಣ್ಣ ಮತ್ತು ಮೈಕಟ್ಟು

ಶಾರ್ಕ್ ಎಂದೊಡನೆ ಬೂದು ಬಣ್ಣ ಮನಸ್ಸಿಗೆ ಬರುತ್ತದೆ. ಟೆಂಗು ಶಾರ್ಕಿನ ಬಣ್ಣ ಗುಲಾಬಿ. ಅದು ಚರ್ಮದಲ್ಲಿರುವ ಬಣ್ಣವೂ ಅಲ್ಲ. ಚರ್ಮ ಅರೆಪಾರದರ್ಶಕವಾಗಿರುವುದರಿಂದ ಅದರ ಕೆಳಗಿನ ನೆತ್ತರಿನ ನಾಳಗಳು ಹೊರಗೆ ಕಾಣುತ್ತವೆ. ತೆಳ್ಳಗಿನ ಚರ್ಮದ ಎಳೆಗೂಸಿನ ಕೆನ್ನೆ ಕೆಂಪಗೆ ತೋರುವುದಕ್ಕೂ ಇದಕ್ಕೂ ಕಾರಣ ಒಂದೇ. ಈಜುರೆಕ್ಕೆಗಳ ಅಂಚಿನಲ್ಲಿ ಮಾತ್ರ ನೀಲಿಯ ಛಾಯೆ. ಸತ್ತ ಮೇಲೆ ಈ ಗುಲಾಬಿ ನಿಲ್ಲುವುದಿಲ್ಲ. ಮದ್ಯಸಾರದ ಜಾಡಿಗೆ ಹಾಕಿದ ದೇಹ ಬರುಬರುತ್ತ ಮಂಕು ಕಂದು ಬಣ್ಣಕ್ಕೆ ತಿರುಗುತ್ತದೆ. ಸಂಗ್ರಹಾಲಯದ ಜಾಡಿಯನ್ನು ಮಾತ್ರ ನೋಡಿದವನಿಗೆ ಇದರ ನಿಜವಾದ ಬಣ್ಣ ತಿಳಿಯುವಂತಿಲ್ಲ.

ಕತ್ತಲೆಯ ಲೋಕದಲ್ಲಿ ಗುಲಾಬಿ ಬಣ್ಣ ಏತಕ್ಕೆಂದು ಓದುಗರು ಕೇಳಬಹುದು. ಸೂರ್ಯಕಿರಣದ ಏಳು ಬಣ್ಣಗಳಲ್ಲಿ ನೀರು ಮೊದಲು ಹೀರಿಕೊಳ್ಳುವುದು ಕೆಂಪನ್ನು. ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ವಸ್ತು ಕಪ್ಪಾಗಿ ಕಾಣುತ್ತದೆ. ಹಡಗಿನ ಅಟ್ಟದ ಮೇಲೆ ಗುಲಾಬಿಯಂತೆ ಹೊಳೆಯುವ ಪ್ರಾಣಿ ತನ್ನ ಮನೆಯಲ್ಲಿ ಮಬ್ಬಿನೊಳಗೆ ಮಬ್ಬಾಗಿ ಕರಗಿಹೋಗುತ್ತದೆ.

ಮೈಯನ್ನು ಮುಟ್ಟಿದವರು ಹೇಳುವ ಮಾತು ಇನ್ನೂ ವಿಚಿತ್ರ. ಮಾಂಸ ಸಡಿಲ, ಮೆತ್ತಗೆ. ಎಲ್ಲ ಶಾರ್ಕುಗಳಂತೆ ಇದರ ಅಸ್ಥಿಪಂಜರವೂ ಮೃದ್ವಸ್ಥಿಯದು. ಅದರಲ್ಲಿಯೂ ಸುಣ್ಣದ ಅಂಶ ಕಡಿಮೆಯಾಗಿ ಬಹಳ ದುರ್ಬಲವಾಗಿದೆ. ಚರ್ಮ ಮಾತ್ರ ಮರಳುಕಾಗದದಂತೆ ಒರಟು. ಅದರ ಮೇಲೆ ನೆಟ್ಟಗೆ ನಿಂತ ಸಣ್ಣ ಸಣ್ಣ ಮುಳ್ಳುಗಳಂತಹ ಹುರುಪೆಗಳಿರುತ್ತವೆ. ಎದೆಯ ಈಜುರೆಕ್ಕೆಗಳು ಮೋಟು, ತುದಿ ದುಂಡು. ಬೆನ್ನ ಮೇಲಿನ ಎರಡು ರೆಕ್ಕೆಗಳೂ ಚಿಕ್ಕವು. ಬಾಲದ ಮೇಲಿನ ಭಾಗ ಪಟ್ಟಿಯಂತೆ ನೀಳವಾಗಿದ್ದು ಕೆಳಗಿನ ಭಾಗ ಇಲ್ಲವೆಂದೇ ಹೇಳಬೇಕು. ವಂಶಾವಳಿಯ ಪ್ರಕಾರ ಇದು ಕುಪ್ರಸಿದ್ಧವಾದ ದೊಡ್ಡ ಬಿಳಿ ಶಾರ್ಕಿನ ಗಣಕ್ಕೇ ಸೇರಿದ್ದು. ಆದರೆ ಬಿಳಿ ಶಾರ್ಕ್ ಗಟ್ಟಿಮುಟ್ಟಾದ ಓಟಗಾರ. ಅರ್ಧಚಂದ್ರದಂತಹ ಬಾಲದಿಂದ ನೀರನ್ನು ಸೀಳಿಕೊಂಡು ಹೋಗಬಲ್ಲದು. ಟೆಂಗು ಶಾರ್ಕಿನ ಮೈಕಟ್ಟಿನಲ್ಲಿ ಓಟದ ಸುಳಿವೇ ಇಲ್ಲ.

ಹಾಗಾದರೆ ಇದು ಪ್ರಕೃತಿಯ ತಪ್ಪೇ? ಅಲ್ಲ, ಇದು ಪ್ರಕೃತಿಯ ಮಿತವ್ಯಯ. ಮೂಳೆಯ ಮೀನುಗಳ ಹೊಟ್ಟೆಯಲ್ಲಿ ಗಾಳಿಯ ಚೀಲವೊಂದಿದ್ದು ಅವು ಮುಳುಗದಂತೆ ತಡೆಯುತ್ತದೆ. ಶಾರ್ಕುಗಳಿಗೆ ಆ ಚೀಲವಿಲ್ಲ. ಟೆಂಗು ಶಾರ್ಕ್ ತನ್ನ ಹಗುರವಾದ ಮಾಂಸದಿಂದಲೂ ಎಣ್ಣೆ ತುಂಬಿದ ಭಾರಿ ಪಿತ್ತಜನಕಾಂಗದಿಂದಲೂ ಆ ಕೊರತೆಯನ್ನು ತುಂಬಿಕೊಂಡಿದೆ. ಎಣ್ಣೆ ನೀರಿಗಿಂತ ಹಗುರವಲ್ಲವೇ? ಇದರಿಂದ ಆ ಮೀನು ಮೇಲಕ್ಕೂ ಏರದೆ, ಕೆಳಕ್ಕೂ ಇಳಿಯದೆ, ಇದ್ದಲ್ಲಿಯೇ ತೇಲುತ್ತ ನಿಲ್ಲಬಲ್ಲದು. ಬಾಲ ಬಡಿಯುವ ಶ್ರಮ ಕಡಿಮೆ. ಶ್ರಮ ಕಡಿಮೆಯಾದ ಮೇಲೆ ಊಟವೂ ಕಡಿಮೆ ಸಾಕು. ಬರಗಾಲದ ಮನೆಯ ಗೃಹಿಣಿ ಸೌದೆಯನ್ನು ಎಣಿಸಿ ಉರಿಸುವಂತೆ ಈ ಮೀನು ತನ್ನ ಶಕ್ತಿಯನ್ನು ಎಣಿಸಿ ಖರ್ಚುಮಾಡುತ್ತದೆ.

ಮೂಗಲ್ಲದ ಮೂಗು

ಇನ್ನು ಆ ಪ್ರಸಿದ್ಧವಾದ ಮೂಗು. ಚಪ್ಪಟೆಯಾಗಿ, ತುದಿ ಚೂಪಾಗಿ, ಅಲಗಿನಂತೆ ಮುಂದಕ್ಕೆ ಬಂದಿರುವ ಅದು ಇರಿಯುವ ಆಯುಧವೆಂದು ನೋಡಿದವರು ತಿಳಿಯುವುದು ಸಹಜ. ಆದರೆ ಅದು ಮೆತ್ತಗೆ ಬಳುಕುತ್ತದೆ. ಅದರಿಂದ ಏನನ್ನೂ ಇರಿಯಲಾಗದು. ಅದರ ನಿಜವಾದ ಕೆಲಸವೇ ಬೇರೆ.

1678ರಲ್ಲಿ ಇಟಲಿಯ ಸ್ಟೆಫಾನೋ ಲೊರೆಂಜಿನಿ ಎಂಬ ವಿದ್ವಾಂಸ ಈ ಜಾತಿಯ ಮೀನುಗಳ ತಲೆಯ ಚರ್ಮದಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ರಂಧ್ರಗಳನ್ನೂ, ಅವುಗಳ ಒಳಗೆ ಲೋಳೆ ತುಂಬಿದ ಕೊಳವೆಗಳನ್ನೂ ವರ್ಣಿಸಿದ. ಅವು ಏತಕ್ಕಾಗಿ ಇವೆಯೆಂಬುದು ಅವನಿಗೆ ತಿಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆ ಗುಟ್ಟು ಬಯಲಾಯಿತು. ಪ್ರತಿಯೊಂದು ಜೀವಿಯ ಸ್ನಾಯುವೂ ಮಿಡಿಯುವಾಗ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಹೊರಡಿಸುತ್ತದೆ. ಉಪ್ಪುನೀರಿನಲ್ಲಿ ಹರಡುವ ಆ ವಿದ್ಯುತ್ತನ್ನು ಈ ಕೊಳವೆಗಳು ಗುರುತಿಸುತ್ತವೆ. ಟೆಂಗು ಶಾರ್ಕಿನ ಮೂತಿಯ ತುಂಬ ಇಂತಹ ರಂಧ್ರಗಳು ಕಿಕ್ಕಿರಿದಿವೆ. ಮೂತಿ ಅಗಲವಾಗಿ ಮುಂದಕ್ಕೆ ಚಾಚಿದಷ್ಟೂ ತಡಕುವ ಕ್ಷೇತ್ರ ದೊಡ್ಡದಾಗುತ್ತದೆ. ಕುರುಡನೊಬ್ಬ ಕೋಲನ್ನು ಮುಂದೆ ಚಾಚಿ ದಾರಿಯನ್ನು ತಡಕುವುದಿಲ್ಲವೇ? ಇದೂ ಹಾಗೆಯೇ, ವ್ಯತ್ಯಾಸವೆಂದರೆ ಈ ಕೋಲು ಮುಟ್ಟದೆಯೇ ತಿಳಿಯುತ್ತದೆ. ಕಪ್ಪು ಕತ್ತಲೆಯಲ್ಲಿ ಉಸಿರು ಬಿಗಿಹಿಡಿದು ಅಡಗಿ ಕುಳಿತ ಮೀನಿನ ಎದೆಬಡಿತವೂ ಇದಕ್ಕೆ ಸುಳಿವು ಕೊಡಬಲ್ಲದು.

ಈ ಶಕ್ತಿಯ ಸಂಬಂಧವಾಗಿ ಒಂದು ಸ್ವಾರಸ್ಯದ ಸಂಗತಿಯುಂಟು. ಹಿಂದೂ ಮಹಾಸಾಗರದಲ್ಲಿ 1,370 ಮೀಟರ್ ಆಳದಲ್ಲಿ ಹಾಸಿದ್ದ ಒಂದು ತಂತಿಯನ್ನು ಪರೀಕ್ಷಿಸಿದಾಗ ಅದರ ಹೊದಿಕೆಯಲ್ಲಿ ಮುರಿದ ಹಲ್ಲೊಂದು ಸಿಕ್ಕಿಕೊಂಡಿತ್ತು. ಅದು ಟೆಂಗು ಶಾರ್ಕಿನ ಹಲ್ಲು. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಬೇಟೆಯೆಂದು ಭ್ರಮಿಸಿ ಅದು ಕಚ್ಚಿರಬಹುದೆಂಬ ಊಹೆ ಅಸಂಗತವಲ್ಲ. ಮನುಷ್ಯರ ಸುದ್ದಿಯನ್ನು ಹೊತ್ತ ತಂತಿಯಿಂದ ಪಾಪ, ಆ ಮೀನಿಗೆ ದೊರೆತದ್ದು ಹಲ್ಲು ಮುರಿದ ಸುಖ ಮಾತ್ರ.

ಕವಣೆಯಂತಹ ದವಡೆ

ಬೇಟೆ ಎಲ್ಲಿದೆಯೆಂದು ತಿಳಿಯಿತು. ಆದರೆ ಓಡಿಹೋಗಿ ಹಿಡಿಯುವ ಶಕ್ತಿಯಿಲ್ಲದ ಈ ಮೆತ್ತನೆಯ ಮೀನು ಅದನ್ನು ಹಿಡಿಯುವ ಬಗೆ ಹೇಗೆ? ಹೆಣಗಳನ್ನು ಕೊಯ್ದು ನೋಡಿದ ಶಾಸ್ತ್ರಜ್ಞರಿಗೆ ದವಡೆಗಳು ಮುಂದಕ್ಕೆ ಚಾಚಬಲ್ಲವೆಂಬುದು ಮೊದಲಿನಿಂದಲೂ ಗೊತ್ತಿತ್ತು. ಎಷ್ಟು ದೂರ, ಎಷ್ಟು ವೇಗವಾಗಿ, ಯಾವ ಕ್ರಮದಲ್ಲಿ ಎಂಬುದನ್ನು ಹೇಳುವವರಿರಲಿಲ್ಲ. ಸತ್ತ ಬಿಲ್ಲುಗಾರನ ಕೈಯಲ್ಲಿರುವ ಬಿಲ್ಲನ್ನು ನೋಡಿ ಬಾಣದ ವೇಗವನ್ನು ಹೇಳುವುದು ಸಾಧ್ಯವೇ?

2008 ಮತ್ತು 2011ನೆಯ ಇಸವಿಗಳಲ್ಲಿ ಜಪಾನಿನ ರಾಷ್ಟ್ರೀಯ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ.ಯವರು ಜೀವಂತ ಟೆಂಗು ಶಾರ್ಕುಗಳು ಬಾಯಿ ಹಾಕುವುದನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದರು. ಒಟ್ಟು ಐದು ಸಲ ಆ ದೃಶ್ಯ ದೊರೆಯಿತು. ಹೊಕ್ಕೈಡೋ ವಿಶ್ವವಿದ್ಯಾನಿಲಯದ ಕಾಜುಹಿರೋ ನಕಾಯಾ ಮತ್ತು ಅವರ ಸಹೋದ್ಯೋಗಿಗಳು ಆ ಚಿತ್ರಗಳನ್ನು ಒಂದೊಂದಾಗಿ ಬಿಡಿಸಿ, ಅಳೆದು, 2016ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು.

ಅವರು ಕಂಡದ್ದು ಇದು. ಬೇಟೆ ಹತ್ತಿರ ಬಂದೊಡನೆ ಕೆಳದವಡೆ ಮೊದಲು ಹಿಂದಕ್ಕೆ ಸರಿದು ಕೆಳಗಿಳಿಯುತ್ತದೆ. ಬಾಯಿ 116 ಡಿಗ್ರಿಯಷ್ಟು, ಅಂದರೆ ಲಂಬಕೋನವನ್ನೂ ಮೀರಿ, ತೆರೆದುಕೊಳ್ಳುತ್ತದೆ. ಮರುಕ್ಷಣದಲ್ಲಿ ಎರಡು ದವಡೆಗಳೂ ಮುಖದಿಂದ ಕಳಚಿಕೊಂಡಂತೆ ಮುಂದಕ್ಕೆ ಚಿಮ್ಮಿ ಬೇಟೆಯನ್ನು ಕಚ್ಚುತ್ತವೆ. ಅವುಗಳ ವೇಗ ಸೆಕೆಂಡಿಗೆ 3.1 ಮೀಟರ್. ಚಿಮ್ಮುವ ದೂರ ಮೀನಿನ ಒಟ್ಟು ಉದ್ದದಲ್ಲಿ ನೂರಕ್ಕೆ 8.6ರಿಂದ 9.4 ಭಾಗ. ಎರಡು ಮೀಟರ್ ಉದ್ದದ ಮೀನಾದರೆ ಅದರ ದವಡೆ ಸುಮಾರು 18 ಸೆಂಟಿಮೀಟರ್, ಅಂದರೆ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಮುಂದಕ್ಕೆ ಹಾರುತ್ತದೆಂದಾಯಿತು. ಬೇರೆ ಶಾರ್ಕುಗಳ ದವಡೆಗಳೂ ತಕ್ಕಮಟ್ಟಿಗೆ ಮುಂದೆ ಬರುತ್ತವೆ. ಆದರೆ ಮೈಯ ಅಳತೆಗೆ ಹೋಲಿಸಿದರೆ ಇದರದು ಅವುಗಳಿಗಿಂತ ಎರಡರಿಂದ ಒಂಬತ್ತು ಪಟ್ಟು ಹೆಚ್ಚು ದೂರ. ದವಡೆ ಹಿಂದಕ್ಕೆ ಸರಿಯುವಾಗ ಬಾಯಿ ಮತ್ತೊಮ್ಮೆ ತೆರೆದು ಮುಚ್ಚುವುದನ್ನೂ ಅವರು ಗುರುತಿಸಿದರು. ಈ ಕ್ರಮಕ್ಕೆ ಅವರು ಕೊಟ್ಟ ಹೆಸರು ‘ಕವಣೆಯ ಊಟ’ ಎಂಬ ಅರ್ಥ ಬರುವಂತಹದು.

ಹೆಸರು ಅನ್ವರ್ಥವಾಗಿದೆ. ಹುಡುಗರು ಚಾಟಿಬಿಲ್ಲಿನ ರಬ್ಬರನ್ನು ಎಳೆದು ಹಿಡಿದು ಕಲ್ಲು ಹೊಡೆಯುವುದನ್ನು ಎಲ್ಲರೂ ನೋಡಿದ್ದಾರೆ. ಟೆಂಗು ಶಾರ್ಕಿನ ದವಡೆಯ ಕೀಲಿನಲ್ಲಿ ರಬ್ಬರಿನಂತೆ ಹಿಗ್ಗುವ ಎರಡು ಜೊತೆ ತಂತುಗಳಿವೆ. ದವಡೆ ಒಳಗೆ ಮಡಚಿಕೊಂಡಿರುವಾಗ ಅವು ಬಿಗಿದು ನಿಂತಿರುತ್ತವೆ. ಬಿಗಿ ಬಿಟ್ಟೊಡನೆ ದವಡೆ ಚಿಮ್ಮುತ್ತದೆ. ಅದೇ ಸಮಯಕ್ಕೆ ಬಾಯಿಯ ತಳದಲ್ಲಿ ನಾಲಗೆಯಂತಿರುವ ಮೃದ್ವಸ್ಥಿ ಕೆಳಕ್ಕೆ ಕುಸಿದು, ಬಾಯಿಯ ಗುಹೆ ದೊಡ್ಡದಾಗಿ, ನೀರಿನೊಡನೆ ಬೇಟೆಯೂ ಒಳಕ್ಕೆ ಸೆಳೆಯಲ್ಪಡುತ್ತದೆ. ಮೈ ಓಡಲಾರದು, ಬಾಯಿ ಓಡುತ್ತದೆ. ಇಡೀ ದೇಹವನ್ನು ಅಟ್ಟಿಸಿಕೊಂಡು ಹೋಗುವ ಖರ್ಚಿಲ್ಲದೆ, ಬರಿಯ ದವಡೆಯೊಂದನ್ನು ಕಳಿಸಿ ಕೆಲಸ ಮುಗಿಸುವ ಜಾಣತನ ಇದು.

ಹಲ್ಲುಗಳೂ ಈ ಕೆಲಸಕ್ಕೆ ತಕ್ಕಂತೆಯೇ ಇವೆ. ಮುಂದಿನವು ನೀಳವಾಗಿ, ಸಣ್ಣಗೆ, ಉದ್ದಕ್ಕೂ ಗೀರುಗಳಿಂದ ಕೂಡಿ ಸೂಜಿಯಂತಿವೆ. ಅವು ಕತ್ತರಿಸುವುದಕ್ಕಲ್ಲ, ಜಾರುವ ಮೈಯ ಮೀನನ್ನೂ ಕಪ್ಪೆಬೊಂಡಾಸನ್ನೂ ಚುಚ್ಚಿ ಹಿಡಿಯುವುದಕ್ಕೆ. ಹಿಂದಿನವು ಚಿಕ್ಕವಾಗಿ ಚಪ್ಪಟೆಯಾಗಿದ್ದು, ಸೀಗಡಿ ಏಡಿಗಳ ಚಿಪ್ಪನ್ನು ಅರೆಯುವುದಕ್ಕೆ ಅನುಕೂಲವಾಗಿವೆ. ಕಣ್ಣುಗಳು ಚಿಕ್ಕವು.

ಈಗ ಆ ಭಯಂಕರ ಮೋರೆಯ ರಹಸ್ಯವೂ ತಾನಾಗಿಯೇ ತಿಳಿಯಾಯಿತು. ಜೀವವಿರುವಾಗ ದವಡೆಗಳನ್ನು ಒಳಗೆ ಹಿಡಿದಿಡುವ ಬಿಗಿ ಸಾವಿನೊಡನೆ ಸಡಿಲುತ್ತದೆ. ದವಡೆಗಳು ಹೊರಗೆ ಬಂದು ಹಾಗೆಯೇ ನಿಂತುಬಿಡುತ್ತವೆ. ಬದುಕಿನಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ತೋರುವ ಮೋರೆಯೊಂದು ಸತ್ತ ಮೇಲೆ ಶಾಶ್ವತವಾಗುತ್ತದೆ. ಚಿತ್ರಕಾರರು ಬರೆದದ್ದು ಅದನ್ನು, ಪತ್ರಿಕೆಗಳು ಅಚ್ಚುಹಾಕಿದ್ದು ಅದನ್ನು, ಮಕ್ಕಳು ಹೆದರಿದ್ದೂ ಅದಕ್ಕೇ. ಸೀನುವ ಕ್ಷಣದಲ್ಲಿ ತೆಗೆದ ಭಾವಚಿತ್ರವನ್ನು ನೋಡಿ ಒಬ್ಬ ಸಭ್ಯ ಗೃಹಸ್ಥನ ಸ್ವಭಾವವನ್ನು ಅಳೆದರೆ ಹೇಗೋ, ಇದೂ ಹಾಗೆಯೇ.

ಹಳೆಯ ವಂಶದ ಕೊನೆಯ ಕುಡಿ

ಜೋರ್ಡನ್ ಅವರು ಹೆಸರಿಡುವುದಕ್ಕೆ ಒಂಬತ್ತು ವರ್ಷ ಮೊದಲು, 1889ರಲ್ಲಿ, ಲಂಡನ್ನಿನ ಆರ್ಥರ್ ಸ್ಮಿತ್ ವುಡ್‌ವರ್ಡ್ ಎಂಬ ವಿದ್ವಾಂಸ ಕಲ್ಲಾಗಿ ಹೋದ ಒಂದು ಶಾರ್ಕಿನ ಕುಲಕ್ಕೆ ‘ಸ್ಕಾಪನೊರಿಂಕಸ್’ ಎಂದು ಹೆಸರಿಟ್ಟಿದ್ದರು. ಗ್ರೀಕ್ ಭಾಷೆಯ ಆ ಮಾತಿಗೆ ಸಲಿಕೆಮೂತಿ ಎಂದು ಅರ್ಥ ಹೇಳಬಹುದು. ಲೆಬನಾನ್ ದೇಶದ ಸುಣ್ಣಕಲ್ಲಿನಲ್ಲಿ ಅದರ ಇಡೀ ದೇಹದ ಅಚ್ಚು ದೊರೆತಿತ್ತು. ಅದೇ ನೀಳ ಮೂತಿ, ಅದೇ ಸೂಜಿ ಹಲ್ಲುಗಳು. ಭಾರಿ ಉರಗಗಳು ಭೂಮಿಯ ಮೇಲೆ ಓಡಾಡುತ್ತಿದ್ದ ಕಾಲದ ಜೀವಿ ಅದು. ಜಪಾನಿನ ಮೀನಿನ ಸುದ್ದಿ ಬಂದಾಗ, ಎರಡೂ ಒಂದೇ ಕುಲವೆಂದು ವಾದಿಸಿದವರುಂಟು. ಅನಂತರ ಕೂಲಂಕಷವಾಗಿ ಹೋಲಿಸಿದಾಗ ಅಂಗರಚನೆಯಲ್ಲಿ ಸಾಕಷ್ಟು ವ್ಯತ್ಯಾಸ ಕಂಡುಬಂದು, ಬೇರೆ ಬೇರೆ ಕುಲಗಳೆಂದು ನಿರ್ಣಯವಾಯಿತು. ಆದರೆ ಬಂಧುತ್ವ ಮಾತ್ರ ಸ್ಪಷ್ಟ. ಈ ಕುಟುಂಬದ ವಯಸ್ಸು ಸುಮಾರು ಹನ್ನೆರಡೂವರೆ ಕೋಟಿ ವರ್ಷಗಳೆಂದು ಲೆಕ್ಕ. ನೆಂಟರಿಷ್ಟರೆಲ್ಲ ಕಲ್ಲಾಗಿ ಹೋದರು. ಬದುಕಿ ಉಳಿದಿರುವುದು ಟೆಂಗು ಶಾರ್ಕ್ ಒಂದೇ. ಭೂತವೆಂದು ಹೆಸರಾದ ಈ ಪ್ರಾಣಿ ಇಷ್ಟು ದೀರ್ಘಕಾಲ ಬಾಳಿದ್ದು ಯಾರನ್ನೂ ಹೆದರಿಸಿ ಅಲ್ಲ. ಯಾರೂ ಬಯಸದ ಕತ್ತಲೆಯಲ್ಲಿ, ಕಡಿಮೆ ಉಂಡು, ಕಡಿಮೆ ಓಡಿ.

ನೋಡುವ ಬೆಲೆ

ಮನುಷ್ಯನಿಗೂ ಈ ಮೀನಿಗೂ ಹಗೆಯಿಲ್ಲ. ಇಬ್ಬರ ಮನೆಗಳ ನಡುವೆ ಇರುವ ದೂರವೇ ಅದಕ್ಕೆ ಕಾರಣ. ಇದಕ್ಕೆ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆಯೂ ಇಲ್ಲ. ಬೇರೆ ಮೀನುಗಳಿಗಾಗಿ ಆಳಕ್ಕೆ ಬಿಟ್ಟ ಬಲೆಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿ ಮೇಲೆ ಬರುತ್ತದೆ, ಬರುವಾಗಲೇ ಅರೆಜೀವವಾಗಿರುತ್ತದೆ. ಜೀವಂತವಾಗಿ ಸಿಕ್ಕ ಒಂದನ್ನು ಜಪಾನಿನ ತೋಕಾಯ್ ವಿಶ್ವವಿದ್ಯಾನಿಲಯದವರು ತೊಟ್ಟಿಯಲ್ಲಿ ಸಾಕಲು ಯತ್ನಿಸಿದರು. ಒಂದು ವಾರ ಬದುಕಿತು. ಟೋಕಿಯೋ ನಗರದ ಮತ್ಸ್ಯಾಲಯದಲ್ಲಿ ಇಟ್ಟದ್ದು ಎರಡೇ ದಿನ. ಇದನ್ನು ನೋಡುವುದೆಂದರೆ ಬಹುಮಟ್ಟಿಗೆ ಇದು ಸಾಯುವುದನ್ನು ನೋಡುವುದೇ ಆಗಿದೆ.

ಹೀಗಾಗಿ ಈ ಮೀನಿನ ಬಾಳುವೆಯ ಎಷ್ಟೋ ಪುಟಗಳು ಇನ್ನೂ ತೆರೆದಿಲ್ಲ. ಅದರ ಆಯುಸ್ಸೆಷ್ಟು, ಬೆಳೆಯುವ ಕ್ರಮವೇನು ಎಂಬುದು ಶಾಸ್ತ್ರಕ್ಕೆ ತಿಳಿದಿಲ್ಲ. ಗಾತ್ರದ ವಿಷಯದಲ್ಲಿಯೂ ತಿಳಿವಳಿಕೆ ಆಗಾಗ ಬದಲಾಗಿದೆ. ಜೋರ್ಡನ್ ಅವರ ಕೈಗೆ ಬಂದದ್ದು ಮೂರೂವರೆ ಅಡಿಯ ಮರಿ. 2000ದಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಸಿಕ್ಕ ಹೆಣ್ಣೊಂದರ ಉದ್ದವನ್ನು ಅದರ ಛಾಯಾಚಿತ್ರದಿಂದ ಲೆಕ್ಕ ಹಾಕಿದಾಗ 5.4ರಿಂದ 6.2 ಮೀಟರ್ ಎಂದು ಬಂದಿತು, ಅಂದರೆ ಹದಿನೆಂಟರಿಂದ ಇಪ್ಪತ್ತು ಅಡಿ. 2003ರ ಏಪ್ರಿಲ್ ತಿಂಗಳಿನಲ್ಲಿ ತೈವಾನಿನ ವಾಯವ್ಯ ಕರಾವಳಿಯಲ್ಲಿ ನೂರಕ್ಕೂ ಹೆಚ್ಚು ಟೆಂಗು ಶಾರ್ಕುಗಳು ಒಮ್ಮೆಗೇ ಬಲೆಗೆ ಸಿಕ್ಕವು. ಸ್ವಲ್ಪ ಮೊದಲು ಅಲ್ಲಿ ಭೂಕಂಪವಾಗಿತ್ತೆಂದು ಕೆಲವರು ಗಮನಿಸಿದರು; ಕಾರಣ ಮಾತ್ರ ನಿಶ್ಚಯವಾಗಲಿಲ್ಲ.

ಅದೇ ತೈವಾನಿನ ಸಮುದ್ರದಲ್ಲಿ 2023ರಲ್ಲಿ ಇನ್ನೊಂದು ಟೆಂಗು ಶಾರ್ಕ್ ಬಲೆಗೆ ಬಂದಿತು. ಉದ್ದ 4.7 ಮೀಟರ್, ತೂಕ ಸುಮಾರು 800 ಕಿಲೋಗ್ರಾಂ. ಹೆಣ್ಣು. ಹೊಟ್ಟೆಯಲ್ಲಿ ಆರು ಮರಿಗಳಿದ್ದವು. ಈ ಗಣದ ಶಾರ್ಕುಗಳು ಮೊಟ್ಟೆಯಿಡದೆ ಮರಿಹಾಕುವುದರಿಂದ ಇದೂ ಹಾಗೆಯೇ ಇರಬೇಕೆಂದು ವಿದ್ವಾಂಸರು ಬಹಳ ಕಾಲದಿಂದ ಊಹಿಸಿದ್ದರು. ಊಹೆಗೆ ಆಧಾರ ದೊರೆಯಿತು, ಆದರೆ ಏಳು ಜೀವಗಳು ಹೋದವು. ಕಡಲ ತಳವನ್ನು ಗುಡಿಸಿಕೊಂಡು ಬರುವ ಎಳೆಬಲೆಯ ಬಗ್ಗೆ ಆಗ ಅಲ್ಲಿ ಅಸಮಾಧಾನದ ಮಾತುಗಳು ಕೇಳಿಬಂದವು.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ಪಟ್ಟಿಯಲ್ಲಿ ಟೆಂಗು ಶಾರ್ಕ್ ಸದ್ಯಕ್ಕೆ ಅಪಾಯದಲ್ಲಿರುವ ಪ್ರಾಣಿಯಲ್ಲ. ಬಹುಪಾಲು ಬಲೆಗಳು ಮುಟ್ಟದಷ್ಟು ಆಳದಲ್ಲಿ, ಹಲವು ಸಾಗರಗಳಲ್ಲಿ ಹರಡಿಕೊಂಡಿರುವುದೇ ಅದರ ರಕ್ಷೆ. ಬಲೆಗಳು ವರ್ಷ ವರ್ಷಕ್ಕೆ ಇನ್ನಷ್ಟು ಆಳಕ್ಕೆ ಇಳಿದರೆ ಆ ರಕ್ಷೆ ಎಷ್ಟು ಕಾಲ ಉಳಿದೀತು ಎಂಬುದನ್ನು ಮನುಷ್ಯನೇ ಯೋಚಿಸಬೇಕು.

ಯಾವುದಾದರೂ ಪುಸ್ತಕದಲ್ಲಿಯೋ ಸಂಗ್ರಹಾಲಯದಲ್ಲಿಯೋ ಈ ಮೀನಿನ ಚಿತ್ರ ಎದುರಾದಾಗ ಮನೆಯ ಮಕ್ಕಳು ಹೆದರಿ ಕಣ್ಣು ಮುಚ್ಚಿಕೊಂಡರೆ, ಹಿರಿಯರು ಇನ್ನೊಂದು ಮೋರೆಯ ಸಂಗತಿಯನ್ನೂ ಅವರಿಗೆ ಹೇಳಬಹುದು. ಅರ್ಧ ಕಿಲೋಮೀಟರ್ ಆಳದ ಕತ್ತಲೆಯಲ್ಲಿ, ಬಾಯಿ ಮುಚ್ಚಿಕೊಂಡು, ಉದ್ದ ಮೂಗಿನಿಂದ ದಾರಿ ತಡಕುತ್ತ, ಗುಲಾಬಿ ಬಣ್ಣದ ಮುದುಕನೊಬ್ಬ ಆತುರವಿಲ್ಲದೆ ತೇಲಿಹೋಗುತ್ತಿರುತ್ತಾನೆ. ಅವನ ನಿಜವಾದ ಮೋರೆ ಅದು.